ಸ್ವಾಮಿಗಳಿಗೆ ಅಮ್ಮ ಬಂದದ್ದು

ಜೀವಮಾನವೆಲ್ಲ ಸುಳ್ಳು ಹೇಳಿ ಜನರನ್ನು ನಂಬಿಸಿದವನು ನಾನು. ಒಂದೇ ಒಂದು ಸಲ ನಿಜ ಹೇಳಿ ನಂಬಿಸಲು ಹೋದೆ, ಸೋತೆ. ಸುಳ್ಳಿಗೆ ತಯಾರಿ ಬೇಕು, ಅದಕ್ಕೊಪ್ಪುವ ಮುಖ ಬೇಕು, ಹೊತ್ತು ನೋಡಿ ಹೇಳಬೇಕು. ನಿಜಕ್ಕೆ ಇದ್ಯಾವುದೂ ಬೇಡ, ಬಾಯಿ ತೆರೆದರೆ ಸಾಕು ಎಂದುಕೊಂಡಿದ್ದೆ. ಕಾರ್ಖಾನೆಯೊಂದರ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಕೂತಿದ್ದೇನೆ. ಏಪ್ರಿಲ್ ಒಂದನೇ ತಾರೀಕು ಅರ್ಧ ಸೆಕ್ಷನ್ ನನಗೆ ಹೆದರಿ ರಜ ಹಾಕುತ್ತಿತ್ತು. ನಾನು ಆ ದಿನ ಸಭ್ಯನಾಗಿ ಫೈಲು ನೋಡುತ್ತಾ ಕೂತು, ಮೂರನೇ ತಾರೀಕು ಶುರು ಮಾಡುತ್ತಿದ್ದೆ. ಇಲ್ಲದ ಪೂಜೆಯೊಂದಕ್ಕೆ ನಮ್ಮ ಮ್ಯಾನೇಜರು ಕಚ್ಚೆ ಪಂಚೆ ಉಟ್ಟು, ಹಣ್ಣಿನ ತಟ್ಟೆ ಹಿಡಿದು ಆಫೀಸಿಗೆ ಬಂದದ್ದುಂಟು. ಯಾರ ಕೈವಾಡ ಎಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ನನ್ನ ಬೀಳ್ಕೊಡುಗೆಯಲ್ಲಿ ನನ್ನ ಸರಳತೆಯನ್ನು ಹೊಗಳಿ ಅವರೇ ಮಾತಾಡಿದರು.

ನನ್ನ ಕೈಗೆ ಅತಿ ಹೆಚ್ಚು ಸಿಕ್ಕಿಬಿದ್ದವನು ಅಚ್ಯುತ. ಪಕ್ಕದ ಕುರ್ಚಿಯವನು, ಮದುವೆಯಾಗದವನು, ಜಯನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇದ್ದವನು. ಒಮ್ಮೆ ಅವನ ಸೈಕಲ್ಲನ್ನು ಆಫೀಸಿನ ತಾರಸಿ ಮೇಲೆ ಎಂಟು ದಿನ ಬಚ್ಚಿಟ್ಟೆ. ಕಂಪ್ಲೇಂಟು ಕೊಡಲು ಅವನನ್ನು ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋದವನೂ ನಾನೇ. ಒಂಬತ್ತನೇ ದಿನ ಸೈಕಲ್ಲಿಗೆ ಎಣ್ಣೆ ಬಿಟ್ಟು, ಹೊಸ ಬೆಲ್ ಹಾಕಿಸಿ ಅವನ ಗೇಟಿನ ಮುಂದೆ ನಿಲ್ಲಿಸಿದೆ. ಅಚ್ಯುತ ಹೊರಗೆ ಬಂದು ಸೈಕಲ್ ನೋಡಿದ, ನನ್ನನ್ನು ನೋಡಿದ, ಬೆಲ್ ಎರಡು ಸಲ ಬಾರಿಸಿದ. "ಬೆಲ್ ಚೆನ್ನಾಗಿದೆ ಕಣೋ ಸೀನಿ. ಮುಂದಿನ ಸಲ ಕದ್ದಾಗ ಕ್ಯಾರಿಯರ್ ಹಾಕ್ಸು" ಅಂದ. ಅವನ ಮೇಲೆ ಆಟ ಕಟ್ಟುವುದರಲ್ಲಿ ಇದೊಂದೇ ಕಷ್ಟ. ಸಿಟ್ಟೇ ಬರುತ್ತಿರಲಿಲ್ಲ ಅವನಿಗೆ.

ಇಂಥವನು ನಿವೃತ್ತನಾದ ಮೇಲೆ ಮದರಾಸಿಗೆ ಹೋಗಿ, ಬರುವಾಗ ಸಮುದ್ರದ ಮೀನೊಂದನ್ನು ತಂದ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೆರೆ ಮೀನನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರೇ ನಮ್ಮ ಕಡೆ ಬೆರಳೆಣಿಕೆ. ಇವನು ರೈಲಿನಲ್ಲಿ ಆರು ಜೆರಿಕ್ಯಾನ್ ಸಮುದ್ರದ ನೀರನ್ನೂ, ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಮೀನನ್ನೂ ಇಟ್ಟುಕೊಂಡು ಬಂದ. ನನ್ನ ಹೆಬ್ಬೆರಳಿನಷ್ಟಿತ್ತು. ಅಪ್ಪಟ ಕಾವಿ ಬಣ್ಣದ ಮೈ, ಅದರ ಮೇಲೆ ವಿಭೂತಿ ಬಳಿದ ಹಾಗೆ ಮೂರು ಬಿಳಿ ಪಟ್ಟೆ. ನೋಡಿದ ಕೂಡಲೇ ನಾನು ಕೈಮುಗಿದು "ಸ್ವಾಮಿಗಳು ಯಾವ ಮಠದವರು?" ಅಂದೆ. ಹೆಸರು ನಿಂತುಬಿಟ್ಟಿತು. ಅಂದಿನಿಂದ ಸ್ವಾಮಿಗಳು ದಯಮಾಡಿಸುತ್ತಿದ್ದರು, ಬಿಜಯಂಗೈಯುತ್ತಿದ್ದರು. ಅವರಿಗೆ ಬೇಕಾದದ್ದು ಮಾತ್ರ ಒಣ ಸೀಗಡಿ ಪುಡಿ. ಈರುಳ್ಳಿಯನ್ನೂ ಮುಟ್ಟದ ಅಚ್ಯುತ ಅದನ್ನು ಹಾರ್ಲಿಕ್ಸ್ ಬಾಟಲಿನಲ್ಲಿಟ್ಟು, ದಿನಕ್ಕೆ ಎರಡು ಹೊತ್ತು, ಸ್ನಾನಕ್ಕೆ ಮುಂಚೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ ಹಾಕುತ್ತಿದ್ದ. ಮನೆಯಲ್ಲಿ ಅವನು ಮಾತಾಡಿಸಲು ಇದ್ದ ಜೀವ ಅದೊಂದೇ.

ಎರಡು ವರ್ಷ ಕಳೆಯಿತು. ಅಚ್ಯುತನ ಹೊಟ್ಟೆಯಲ್ಲಿ ಗಡ್ಡೆ ಎಂದರು, ಆಪರೇಷನ್ ಎಂದರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ತೊಟ್ಟಿ, ಪಂಪು, ಎರಡು ಜೆರಿಕ್ಯಾನ್ ನೀರು, ಸೀಗಡಿ ಬಾಟಲು, ಎಲ್ಲವನ್ನೂ ಆಟೋದಲ್ಲಿ ನಮ್ಮ ಮನೆಗೆ ಸಾಗಿಸಿದೆವು. ಹಾಲಿನಲ್ಲಿ ರೇಡಿಯೊ ಇದ್ದ ಜಾಗದಲ್ಲಿ ತೊಟ್ಟಿ ಕೂತಿತು.

"ನಿನ್ನ ಕೈಲಿ ಕೊಡೋಕೆ ಹೆದರಿಕೆ ಆಗುತ್ತೆ ಕಣೋ" ಅಂದ ಅಚ್ಯುತ.

"ತಾರಸಿ ಮೇಲೆ ಇಡಲ್ಲ, ಆಣೆ" ಅಂದೆ.

ಅವನು ನಗಲಿಲ್ಲ. ಗಾಜಿಗೆ ಬೆರಳು ಹಚ್ಚಿದ. ಮೀನು ಬಂದು ಬೆರಳಿಗೆ ಮೂತಿ ತಾಗಿಸಿತು. "ನಾನು ಬಂದಾಗ ಇದು ಇರ್ಬೇಕು ಸೀನಿ. ಇಲ್ಲದಿದ್ರೆ ಆ ಖಾಲಿ ಮನೆಗೆ ಯಾಕೆ ವಾಪಸ್ ಬರ್ಲಿ" ಅಂದ. ಅಂಥ ಮಾತು ಅವನ ಬಾಯಲ್ಲಿ ನಾನು ಕೇಳಿರಲಿಲ್ಲ.

ನನ್ನ ಹೆಂಡತಿ ಪದ್ಮ ಸೀಗಡಿ ಬಾಟಲನ್ನು ಮನೆಯೊಳಗೆ ಬಿಡಲಿಲ್ಲ, ಹೊರಗೆ ಮೀಟರ್ ಬೋರ್ಡಿನ ಕೆಳಗೆ ಇಡಿಸಿದಳು. ಆದರೆ ನಾನು ಬ್ಯಾಂಕಿಗೆ ಹೋದ ದಿನ ಸೆರಗಿನಿಂದ ಮೂಗು ಮುಚ್ಚಿಕೊಂಡು ತಾನೇ ಚಿಟಿಕೆ ಹಾಕಿದ್ದಳಂತೆ. ಕರೆಂಟ್ ಹೋದರೆ ಪಂಪು ನಿಲ್ಲುತ್ತಿತ್ತು. ಆಗ ನಾನು ಸೈಕಲ್ ಪಂಪಿನ ಬಾಯಿಗೆ ರಬ್ಬರ್ ಟ್ಯೂಬ್ ಸಿಕ್ಕಿಸಿ ತೊಟ್ಟಿಗೆ ಗಾಳಿ ಹೊಡೆಯುತ್ತಿದ್ದೆ. ಇಡೀ ಬೆಂಗಳೂರಿನಲ್ಲಿ ಮೀನಿಗೆ ಗಾಳಿ ಹೊಡೆದ ಮೊದಲ ಮನುಷ್ಯ ನಾನೇ ಇರಬೇಕು. ಬಡಾಯಿ ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ, ಅಕ್ಕಪಕ್ಕದವರು ಕಾಂಪೌಂಡಿನ ಮೇಲಿಂದ ನೋಡಿದ್ದಾರೆ.

ಐದನೇ ದಿನ ಸ್ವಾಮಿಗಳು ಕಲ್ಲಿಗೆ ಮೈ ಉಜ್ಜತೊಡಗಿದರು. ಹೊಸ ಮನೆ ಹಿಡಿಸಿದೆ, ಖುಷಿಗೆ ಕುಣಿಯುತ್ತಿದ್ದಾರೆ ಎಂದೆ. ಏಳನೇ ದಿನ ಮೈಮೇಲೆ ಬಿಳಿ ಚುಕ್ಕೆ ಕಂಡವು, ಪುಡಿ ಉಪ್ಪು ಉದುರಿಸಿದ ಹಾಗೆ. ಇಲ್ಲಿ ನನ್ನ ಬುದ್ಧಿ ಓಡಿತು. ನೀರಿನಲ್ಲಿ ಉಪ್ಪು ಜಾಸ್ತಿಯಾಗಿ ಮೈಮೇಲೆ ಹರಳು ಕಟ್ಟಿದೆ ಎಂದು ತೀರ್ಮಾನಿಸಿ ಎರಡು ಕೊಡ ನಲ್ಲಿ ನೀರು ಸುರಿದೆ. ಮಾರನೇ ದಿನ ಚುಕ್ಕೆ ಇಮ್ಮಡಿಯಾಗಿದ್ದವು, ಸ್ವಾಮಿಗಳು ಊಟ ಬಿಟ್ಟಿದ್ದರು, ಕಿವಿರು ಬಡಬಡ ಹೊಡೆದುಕೊಳ್ಳುತ್ತಿತ್ತು.

ಬಣ್ಣದ ಮೀನು ಮಾರುವ ಅಂಗಡಿಯೊಂದು ಫೋರ್ತ್ ಬ್ಲಾಕಿನಲ್ಲಿತ್ತು. ಅಂಗಡಿಯವನು ಕೇಳಿ ತಲೆಯಾಡಿಸಿದ. "ಬಿಳಿ ಚುಕ್ಕೆ ರೋಗ ಸಾರ್. ತುಂಬಾ ಸುಲಭ. ಒಂದು ಹಿಡಿ ಕಲ್ಲುಪ್ಪು ಹಾಕಿ, ಮೂರು ದಿನಕ್ಕೆ ಹೋಗುತ್ತೆ."

"ಅದು ಇರೋದೇ ಉಪ್ಪು ನೀರಲ್ಲಪ್ಪ, ಸಮುದ್ರದ ಮೀನು."

"ಹಾಗಾದ್ರೆ ಅದಕ್ಕೆ ಈ ರೋಗ ಬರೋ ಹಾಗೇ ಇಲ್ಲ ಸಾರ್" ಅಂದ.

ಅಲ್ಲಿಂದ ದನದಾಸ್ಪತ್ರೆಗೆ ಹೋದೆ. ಡಾಕ್ಟರು ಹಸುವಿನ ಕೆಚ್ಚಲು ನೋಡುತ್ತಿದ್ದರು. ಏನು ಕಂಪ್ಲೇಂಟು ಎಂದರು. ಗಾಬರಿಯಲ್ಲಿ ನನ್ನ ಬಾಯಿಂದ ಅಭ್ಯಾಸಬಲದ ಮಾತೇ ಬಂತು. "ಸ್ವಾಮಿಗಳು ಊಟ ಬಿಟ್ಟಿದ್ದಾರೆ ಡಾಕ್ಟ್ರೇ. ಉಸಿರಾಟ ಜೋರು."

"ಯಾವ ಸ್ವಾಮಿಗಳು? ಇಲ್ಲಿ ದನ ನೋಡೋದು ಕಣ್ರೀ."

ಮೀನು ಎಂದು ವಿವರಿಸುವಷ್ಟರಲ್ಲಿ ಹಿಂದೆ ನಿಂತಿದ್ದ ಕಾಂಪೌಂಡರ್ ನನ್ನ ಗುರುತು ಹಿಡಿದ. "ಇವ್ರು ನಮ್ ಏರಿಯಾದವ್ರೇ ಸಾರ್. ಹಿಂಗೇ ಆಟ ಆಡ್ಸ್ತಾರೆ. ನಮ್ ಮಾವನಿಗೆ ಲಾಟ್ರಿ ಹೊಡೀತು ಅಂತ ಹೇಳಿ ಬೀದಿಗೆಲ್ಲ ಮೈಸೂರ್‌ಪಾಕ್ ಹಂಚ್ಸಿದ್ರು." ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮತ್ತೆ ಹಸುವಿನ ಕಡೆ ತಿರುಗಿದರು. ಲಾಟರಿಯ ವಿಷಯ ನಿಜ. ಆ ಮೈಸೂರ್‌ಪಾಕನ್ನು ನಾನೂ ತಿಂದಿದ್ದೆ, ಚೆನ್ನಾಗಿತ್ತು.

ಮನೆಗೆ ಬಂದರೆ ಪದ್ಮ ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. "ರೀ, ಇದು ಅಮ್ಮ" ಅಂದಳು. ಸಿಡುಬು, ಸೀತಾಳೆ ಯಾವುದೇ ಆಗಲಿ, ಮೈಮೇಲೆ ಗುಳ್ಳೆ ಎದ್ದರೆ ನಮ್ಮಲ್ಲಿ ಕಾಯಿಲೆ ಎನ್ನುವುದಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತೇವೆ. ಮೀನಿಗೆ ಎಲ್ಲಾದರೂ ಅಮ್ಮ ಬರುತ್ತಾಳೇನೇ ಎಂದೆ. "ಮತ್ತೆ ನಿಮ್ಮ ಡಾಕ್ಟ್ರು ಏನಂದ್ರು?" ಅಂದಳು.

ಆವತ್ತಿನಿಂದ ಮನೆಯಲ್ಲಿ ಅಮ್ಮನ ಕಟ್ಟುಪಾಡು ಶುರು. ಬಾಗಿಲಿಗೆ ಬೇವಿನ ಸೊಪ್ಪು, ತೊಟ್ಟಿಯ ಮೇಲೊಂದು ಬೇವಿನ ಟೊಂಗೆ. ಒಗ್ಗರಣೆಯ ಚಟಪಟ ಕೇಳಬಾರದು, ಎಣ್ಣೆ ಕಾಯಬಾರದು. ನಾನು ಗಡ್ಡ ಕೆರೆಯಬಾರದು. ಮೂರು ಹೊತ್ತೂ ಒಗ್ಗರಣೆಯಿಲ್ಲದ ಸಾರು, ಮೊಸರನ್ನ, ಸಪ್ಪೆ ಚಟ್ನಿ. ಮೀನು ಉಪವಾಸ, ನಾನು ಅರೆ ಉಪವಾಸ. ಮಾರನೇ ಸಂಜೆ ಆಸ್ಪತ್ರೆಗೆ ಹೋದರೆ ಅಚ್ಯುತ ದಿಂಬಿಗೆ ಒರಗಿಕೊಂಡು "ಯಾಕೋ ಗಡ್ಡ?" ಎಂದು ಕೇಳಿದ. ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು, ಮುಖ ಇದ್ದಿಲಿನ ಹಾಗಿತ್ತು.

"ಸ್ಟೈಲು."

"ಸ್ವಾಮಿಗಳು ಹೇಗಿದಾರೆ?"

"ಸಖತ್ತಾಗಿದಾರೆ. ನಿನ್ನೆ ಎರಡು ಚಿಟಿಕೆ ಜಾಸ್ತಿ ತಿಂದ್ರು." ನನ್ನ ಜೀವಮಾನದ ಅತ್ಯುತ್ತಮ ಸುಳ್ಳುಗಳನ್ನು ಆ ಹಾಸಿಗೆಯ ಪಕ್ಕದಲ್ಲಿ ಹೇಳಿದ್ದೇನೆ. ಒಂದರಲ್ಲೂ ಮಜ ಸಿಗಲಿಲ್ಲ.

ಹತ್ತನೇ ದಿನ ಪದ್ಮ ತರಕಾರಿಗೆ ಹೋಗಿದ್ದಾಗ ನಾನೊಬ್ಬನೇ ತೊಟ್ಟಿಯ ಮುಂದೆ ಕೂತಿದ್ದೆ. ಸ್ವಾಮಿಗಳು ಒಂದು ಮೂಲೆಯಲ್ಲಿ ವಾಲಿಕೊಂಡಿದ್ದರು. ಮೇಲೆ ಬೇವಿನ ಟೊಂಗೆ ಒಣಗುತ್ತಿತ್ತು. ಔಷಧಿ ಅಂದ ಮೇಲೆ ಹೊರಗೆ ನೇತು ಹಾಕಿದರೆ ಏನು ಬಂತು, ಒಳಗೆ ಹೋಗಬೇಕಲ್ಲವೇ ಎಂದು ನನಗನ್ನಿಸಿತು. ಎರಡು ಹಿಡಿ ಎಲೆಯನ್ನು ಒರಳಿಗೆ ಹಾಕಿ ನುಣ್ಣಗೆ ಅರೆದು, ಬಟ್ಟೆಯಲ್ಲಿ ಹಿಂಡಿ, ಒಂದು ಲೋಟ ರಸವನ್ನು ತೊಟ್ಟಿಗೆ ಸುರಿದೆ. ಒರಳು ತೊಳೆದೆ. ನೀರು ಎಳೆ ಹಸಿರಾಯಿತು. ಮೀನು ಒಂದು ಸಲ ರಭಸದಿಂದ ತೊಟ್ಟಿಯ ಆ ತುದಿಯಿಂದ ಈ ತುದಿಗೆ ಓಡಿತು. ನೋಡಿ, ಚೈತನ್ಯ ಬಂತು ಎಂದುಕೊಂಡೆ.

ಬೆಳಿಗ್ಗೆ ಅದು ಮೇಲೆ ತೇಲುತ್ತಿತ್ತು.

ಪದ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನು ಬೇವು ಕಟ್ಟಬಾರದಿತ್ತೇನೋ. ಎಲೆ ಉದುರಿ ನೀರಿಗೆ ಬಿದ್ದಿತ್ತು ಅಂತ ಕಾಣುತ್ತೆ, ನೀರೆಲ್ಲ ಹಸಿರಾಗಿದೆ" ಅಂದಳು. ಆಗಲೇ ಹೇಳಬಹುದಿತ್ತು. "ಇರಬಹುದು" ಎಂದೆ. ಹಿತ್ತಲಿನ ದಾಸವಾಳದ ಬುಡದಲ್ಲಿ ಸ್ವಾಮಿಗಳನ್ನು ಹೂತು ಬಂದು ತಿಂಡಿಗೆ ಕೂತೆ. ಇಡ್ಲಿಯ ಜೊತೆಗಿದ್ದ ಚಟ್ನಿ ವಿಷದ ಹಾಗೆ ಕಹಿ. ಪದ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ಕಾಯಿ ಕೆಟ್ಟಿದೆ" ಎಂದೆ. "ಹೌದಾ" ಅಂದಳು. ಪೂರ್ತಿ ತಿಂದೆ.

ಆ ರೋಗಕ್ಕೆ ಮೈಲುತುತ್ತವನ್ನು ಅಳತೆ ನೋಡಿ ಒಂದು ಚೂರು ಹಾಕಬೇಕಿತ್ತಂತೆ. ಆಮೇಲೆ ಎಷ್ಟೋ ದಿನಕ್ಕೆ ಮದರಾಸಿನ ಕಡೆಯವರೊಬ್ಬರು ಹೇಳಿದರು. ಬೇವಿನ ರಸ ಮೀನಿಗೆ ಆಗುವುದಿಲ್ಲ ಎಂದೂ ಅವರೇ ಹೇಳಿದರು. ಅದು ನನಗೆ ಆಗಲೇ ಗೊತ್ತಾಗಿತ್ತು.

ಅಚ್ಯುತ ಮನೆಗೆ ಬಂದ ದಿನ ನಾನು ಗಡ್ಡ ಕೆರೆದು, ಖಾಲಿ ತೊಟ್ಟಿಯನ್ನು ಆಟೋದಲ್ಲಿಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. "ಅಚ್ಯುತ, ಮೀನು ಸತ್ತೋಯ್ತು ಕಣೋ. ಕಾಯಿಲೆ ಬಂತು. ನಮ್ಮ ಪದ್ಮ ಅಮ್ಮ ಬಂದಿದೆ ಅಂತ ಬೇವು ಕಟ್ಟಿದ್ಲು, ಅದು ನೀರಿಗೆ ಬಿತ್ತು, ಅದೂ ಆಗಲಿಲ್ಲವೇನೋ" ಎಂದೆ.

ಅವನು ನನ್ನನ್ನು ಸುಮಾರು ಹೊತ್ತು ನೋಡಿದ. ಆಮೇಲೆ ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು ನಕ್ಕ. "ಎಲ್ಲಿಟ್ಟಿದೀಯೋ?"

"ನಿಜ ಕಣೋ."

"ಸೈಕಲ್ ವಿಷ್ಯದಲ್ಲೂ ಹೀಗೇ ಅಂದಿದ್ದೆ. ಪೂರ್ತಿ ಹೇಳು, ಎಲ್ಲಿಟ್ಟಿದೀಯ? ಈ ಸಲ ಏನು ಬೆಲ್ ಹಾಕಿಸ್ತೀಯ?"

ದೇವರಾಣೆ ಹಾಕಿದೆ, ಪದ್ಮನಾಣೆ ಹಾಕಿದೆ. ನಂಬಲಿಲ್ಲ. ತೊಟ್ಟಿಗೆ ನೀರು ತುಂಬಿಸಿ, ಉಪ್ಪು ಕಲಸಿ, ಪಂಪು ಹಾಕಿದ. ಮೂರು ವರ್ಷ ಆ ಪಂಪು ಖಾಲಿ ನೀರಿನಲ್ಲಿ ಗುಳುಗುಳು ಎನ್ನುತ್ತಿತ್ತು. ನಾನು ಹೋದಾಗಲೆಲ್ಲ ಅದೇ ಪ್ರಶ್ನೆ: "ಎಲ್ಲಿಟ್ಟಿದೀಯೋ? ಪೂರ್ತಿ ಹೇಳಪ್ಪ ಇವತ್ತಾದ್ರೂ." ಮೊದಮೊದಲು ರೇಗಿದೆ. ಆಮೇಲೆ ಪುಟ್ಟೇನಹಳ್ಳಿ ಕೆರೆಯಲ್ಲಿದೆ, ಬನಶಂಕರಿ ಗುಡಿಯ ಕಲ್ಯಾಣಿಯಲ್ಲಿದೆ ಎಂದೆಲ್ಲ ಹೇಳಿ ಜಾರಿಕೊಂಡೆ. ಅವನು ನಗುತ್ತಿದ್ದ, ಪ್ರತಿ ಸಲ ಸ್ವಲ್ಪ ಕಡಿಮೆ. ಗಡ್ಡೆ ತಿರುಗಿ ಬಂತು. ಕೊನೆಯ ವಾರ ಮಾತು ನಿಂತಿತ್ತು. ನನ್ನನ್ನು ನೋಡಿ, ತೊಟ್ಟಿಯ ಕಡೆ ನೋಡಿ, ಹುಬ್ಬು ಮಾತ್ರ ಏರಿಸಿದ.

ಅವನ ಹದಿಮೂರನೇ ದಿನದ ಊಟ ಮುಗಿಸಿ ಮನೆಗೆ ಬಂದು ಅಂಗಿ ಬಿಚ್ಚುತ್ತಾ, "ಪಾಪ, ಮೀನು ಬದುಕಿದೆ ಅಂತಲೇ ನಂಬಿಕೊಂಡು ಹೋದ" ಎಂದೆ.

"ಅವ್ರಿಗೆ ಎಲ್ಲಾ ಗೊತ್ತಿತ್ತು" ಅಂದಳು ಪದ್ಮ. "ಆಸ್ಪತ್ರೆಗೆ ಗಂಜಿ ತಗೊಂಡು ಹೋದಾಗ್ಲೇ ಹೇಳ್ದೆ. ಸತ್ತಿದ್ದು, ನೀವು ಬೇವು ಅರೆದು ಹಾಕಿದ್ದು, ಎಲ್ಲ."

"ನಿನಗೆ ಹೇಗೆ ಗೊತ್ತು?"

"ಕಾಯಿ ಕೆಟ್ಟಿದೆ ಅಂದ್ರಲ್ಲ, ಆ ಚಟ್ನಿ ಅರೆದಿದ್ದು ಯಾವ ಒರಳಲ್ಲಿ?" ಸೀರೆ ಮಡಿಸುತ್ತಾ ಅವಳು ಮುಂದುವರಿಸಿದಳು. "ಅಚ್ಯುತ ರಾಯರು ಅತ್ತುಬಿಟ್ರು. ಆಮೇಲೆ ಅಂದ್ರು, ಅವನು ಬಂದು ಹೇಳ್ತಾನೆ ಪದ್ಮಮ್ಮ, ಅಲ್ಲೀವರ್ಗೂ ನೀವು ಏನೂ ಹೇಳ್ಬೇಡಿ. ಅವನು ಪೂರ್ತಿ ಹೇಳೋ ತನಕ ನಾನು ನಂಬಲ್ಲ. ಪೂರ್ತಿ ಹೇಳಿದ ದಿನ ಇಬ್ರೂ ಕೂತು ನಗ್ತೀವಿ ಅಂತ." ಮಡಿಸಿದ ಸೀರೆಯನ್ನು ಬೀರುವಿಗಿಟ್ಟಳು. "ಮೂರು ವರ್ಷ ಕಾದ್ರು."

ತೊಟ್ಟಿ ಈಗ ಮತ್ತೆ ನಮ್ಮ ಹಾಲಿಗೆ ಬಂದಿದೆ. ನೀರು ತುಂಬಿಸಿ, ಉಪ್ಪು ಕಲಸಿ ಪಂಪು ಹಾಕಿಟ್ಟಿದ್ದೇನೆ. ಬಂದವರೆಲ್ಲ ಮೀನೆಲ್ಲಿ ಎಂದು ಕೇಳುತ್ತಾರೆ. ಬೇವು, ಒರಳು, ಚಟ್ನಿ, ಪದ್ಮನ ತಲೆಗೆ ಕಟ್ಟಿದ್ದು, ಒಂದನ್ನೂ ಬಿಡದೆ ಪೂರ್ತಿ ಹೇಳುತ್ತೇನೆ. ಅವರು ಕಾಫಿ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಸಖತ್ತಾಗಿ ಬಿಡ್ತೀರ ಸಾರ್" ಅನ್ನುತ್ತಾರೆ. "ಈಗ ಹೇಳಿ, ಎಲ್ಲಿಟ್ಟಿದೀರ?"