ಚಿರೋಟಿಯ ಇಟಲಿ ದಾಯಾದಿ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಹಾಗೆ ಹೇಳುವುದಕ್ಕೆ ಜೆ.ಪಿ. ನಗರದ ಅವರ ಅಪಾರ್ಟ್‌ಮೆಂಟಿನಲ್ಲಿ ಬೇಕಾದಷ್ಟು ಜನರಿರುವಾಗ ನಾನೇಕೆ ಬಾಯಿ ನೋಯಿಸಿಕೊಳ್ಳಲಿ? ನಾನು ಹೇಳುವುದಿಷ್ಟೇ. ಜನ್ಮದಲ್ಲಿ ಒಂದು ಲೋಟ ಕಾಫಿ ಬೆರೆಸಿ ಗೊತ್ತಿಲ್ಲದ ಮನುಷ್ಯ, ಗ್ಯಾಸ್ ಒಲೆ ಹಚ್ಚುವಾಗ ಇವತ್ತಿಗೂ ಮುಖ ಹಿಂದಕ್ಕೆ ಎಳೆದುಕೊಳ್ಳುವ ಮನುಷ್ಯ, ನಿವೃತ್ತಿಯಾದ ಮೇಲೆ ಮಾಡಲು ಹೊರಟ ಮೊಟ್ಟಮೊದಲ ಅಡುಗೆ ಯಾವುದು? ಅನ್ನವೇ? ತಿಳಿಸಾರೇ? ಅಲ್ಲ ಸ್ವಾಮಿ, ಸ್ಫೋಲ್ಯಾತೆಲ್ಲ!

ಗಾಬರಿಯಾಗಬೇಡಿ, ಅದು ಕಾಯಿಲೆಯಲ್ಲ, ಇಟಲಿಯ ತಿಂಡಿ. ಮೈದಾ ಹಿಟ್ಟನ್ನು ಆಚೆಬದಿ ಕಾಣುವಷ್ಟು ತೆಳ್ಳಗೆ ಮಾರುದ್ದ ಎಳೆದು, ಜಿಡ್ಡು ಸವರಿ, ಚಾಪೆಯಂತೆ ಬಿಗಿಯಾಗಿ ಸುತ್ತಿ ತಣ್ಣಗಿಡಬೇಕು. ಆಮೇಲೆ ಬಿಲ್ಲೆಗಳಾಗಿ ಕತ್ತರಿಸಿ, ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ಚಿಪ್ಪಿನಂತೆ ಮಾಡಿ, ರವೆಯ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸಬೇಕು. ಆಗ ಪದರ ಪದರವಾಗಿ ಬಿಚ್ಚಿಕೊಂಡು, ಕಚ್ಚಿದರೆ ಪಕ್ಕದ ಮನೆಗೆ ಕೇಳುವಷ್ಟು ಸದ್ದು ಮಾಡುತ್ತದಂತೆ. ಅಂತೆ ಎಂದದ್ದು ಏಕೆಂದರೆ ನಮ್ಮ ವಂಶದಲ್ಲಿ ಯಾರೂ ಅದನ್ನು ಕಂಡವರಲ್ಲ. ಮಾವನೂ ಕಂಡದ್ದು ಫೋನಿನ ವಿಡಿಯೊದಲ್ಲಿ.

ಇಷ್ಟೆಲ್ಲ ಯಾರಿಗಾಗಿ? ಅವರ ಹೆಂಡತಿ, ನಮ್ಮತ್ತೆಗಾಗಿ. ಹೋದ ವರ್ಷ ಬಂದ ಒಂದು ಹಾಳು ಜ್ವರ, ಹೋಗುವಾಗ ಅತ್ತೆಯ ವಾಸನೆ, ರುಚಿ ಎರಡನ್ನೂ ಜೊತೆಗೇ ಕರೆದುಕೊಂಡು ಹೋಯಿತು. ಎಂಥ ನಾಲಿಗೆ ಅದು! ಮದುವೆಮನೆಯಲ್ಲಿ ಅತ್ತೆ ಎಲೆಯ ಮುಂದೆ ಕೂತರೆ ಅಡುಗೆಯವರು ಕಂಬದ ಮರೆಗೆ ಸರಿಯುತ್ತಿದ್ದರು. "ಸಾರಿಗೆ ಇಂಗು ಆಮೇಲೆ ನೆನಪಾಯ್ತೇನಪ್ಪಾ?" ಎಂದು ಎಲ್ಲರೆದುರೇ ಮಾನ ಕಳೆಯುತ್ತಿದ್ದರು. ಈಗ ಅವರಿಗೆ ಇಂಗೂ ಒಂದೇ, ಸೀಮೆಸುಣ್ಣವೂ ಒಂದೇ. "ಬಂದರೂ ಬರಬಹುದು, ಕಾಯಿರಿ" ಎಂದರು ಡಾಕ್ಟರು. ಕಾಯುತ್ತ ಕಾಯುತ್ತ ಅತ್ತೆ ಊಟವನ್ನೇ ಬಿಡತೊಡಗಿದರು. ಎರಡು ತುತ್ತು ತಿಂದು ಎದ್ದುಬಿಡುವುದು, ಅಷ್ಟೆ. ಬಳೆ ಮೊಳಕೈವರೆಗೆ ಜಾರುವಷ್ಟು ಕೈ ಸಣ್ಣಗಾಯಿತು.

"ಮಾವ, ರುಚಿ ಗೊತ್ತಾಗದಿದ್ರೂ ಗರಿಗರಿ ಗೊತ್ತಾಗ್ಲಿ ಅಂತ ತಾನೆ? ಚಿರೋಟಿ ತಂದ್ಕೊಡಿ. ಅದೂ ಪದರಾನೇ, ಅಂಗಡೀಲೇ ಸಿಗತ್ತೆ" ಎಂದೆ.

"ಚಿರೋಟಿ ಆಗಲ್ಲ."

"ಯಾಕಾಗಲ್ಲ?"

"ಆಗಲ್ಲ ಅಂದ್ರೆ ಆಗಲ್ಲ ಕಣೆ. ನಿನ್ನ ಓವನ್ ಕೊಡು."

ಹೀಗೆ ತಿಲಕ್ ನಗರದ ನನ್ನ ಮನೆಯ ಓವನ್ನು ಆಟೊ ಹತ್ತಿ ಹೋಯಿತು. ಇನ್ನೂ ವಾಪಸ್ ಬಂದಿಲ್ಲ, ಬರುವ ಆಸೆಯನ್ನೂ ಬಿಟ್ಟಿದ್ದೇನೆ.

ಮೊದಲನೆಯ ಅನಾಹುತ ಜಿಡ್ಡಿನದು. ಇಟಲಿಯವರು ಸವರುವುದು ಹಂದಿಯ ಕೊಬ್ಬಂತೆ. ಈ ಮಾಹಿತಿಯನ್ನು ನಮ್ಮ ಮಾವ ಎಲ್ಲಿ ಬಹಿರಂಗಪಡಿಸಬೇಕು? ಸತ್ಯನಾರಾಯಣ ಪೂಜೆಗೆ ಬಂದು ಪ್ರಸಾದಕ್ಕೆ ಕೈಯೊಡ್ಡಿ ಕೂತಿದ್ದ ಬೀಗರ ಮುಂದೆ! "ಹೆದರ್ಕೋಬೇಡಿ, ನಾನು ತುಪ್ಪಾನೇ ಹಾಕೋದು" ಎಂದು ಸೇರಿಸುವಷ್ಟರಲ್ಲಿ ಬೀಗಿತ್ತಿ ಕೈಯಲ್ಲಿದ್ದ ಸಪಾದವನ್ನು ಅನುಮಾನದಿಂದ ಮೂಸಿ ನೋಡುತ್ತಿದ್ದರು. ಆಮೇಲೆ ಅವರು ನಮ್ಮ ಕಡೆ ಯಾರ ಮನೆಯಲ್ಲೂ ನೀರು ಕೂಡ ಕುಡಿದಿಲ್ಲ.

ಎರಡನೆಯದು ಜಾಗದ್ದು. ಊಟದ ಮೇಜಿನ ಮೇಲೆ ಎಳೆಯತೊಡಗಿದ ಹಿಟ್ಟು ಮೇಜು ದಾಟಿ, ಟೀಪಾಯಿ ದಾಟಿ, ದಿವಾನದ ಮೇಲೆ ಹಾದು, ಬಾಗಿಲ ಹೊರಗೆ ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಲಿಫ್ಟಿನವರೆಗೆ ಹೋಯಿತು.

"ಅಂಕಲ್, ಬೆಡ್‌ಶೀಟ್ ಒಣಗ್ಹಾಕಿದೀರಾ?" ಎಂದು ಕೇಳಿದಳು ನಾಯಿ ಹಿಡಿದು ಬಂದ ಮೇಲಿನ ಮನೆಯಾಕೆ.

"ಹಿಟ್ಟಮ್ಮಾ, ಹಿಟ್ಟು! ತುಳೀಬೇಡ!"

ಅವಳು ತುಳಿಯಲಿಲ್ಲ, ಪಾಪ. ನಾಯಿ ಮಾತ್ರ ತುದಿಯನ್ನು ಕಚ್ಚಿಕೊಂಡು ಲಿಫ್ಟಿನೊಳಗೆ ನಡೆಯಿತು. ಬಾಗಿಲು ಮುಚ್ಚಿತು. ಅರ್ಧ ದಿನ ಲಟ್ಟಿಸಿದ ಹಿಟ್ಟು ನಮ್ಮ ಕಣ್ಣೆದುರೇ ಮೂರನೇ ಮಹಡಿಗೆ ಹೊರಟಿತು! ಮಾವ ಮೆಟ್ಟಿಲು ಹತ್ತಿ ಓಡಿದರು. ನಾನು ಅಲ್ಲೇ ಗೋಡೆಗೊರಗಿ ಕೂತು, ದೇವರೇ, ಇವರಿಗೆ ಬೇರೆ ಯಾವುದಾದರೂ ಹುಚ್ಚು ಕೊಡಬಾರದಿತ್ತೇ ಎಂದು ಕೇಳಿಕೊಂಡೆ.

ಮೂರನೆಯದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಏಪ್ರಿಲ್ ತಿಂಗಳು. ಸುತ್ತಿದ ದಿಂಡು ಫ್ರಿಜ್ಜಿನಲ್ಲಿ ಹಿಡಿಸುತ್ತಿಲ್ಲ, ಹೊರಗಿಟ್ಟರೆ ತುಪ್ಪ ಸೋರಿಹೋಗುತ್ತದೆ. ಮಧ್ಯಾಹ್ನ ನನಗೊಂದು ಫೋನು ಬಂತು.

"ಮೇಡಮ್ಮಾರ, ನಾ ಎಟಿಎಂ ವಾಚ್‌ಮನ್ ಮಾತಾಡಾಕತ್ತೀನ್ರೀ. ಇಲ್ಲೊಬ್ರು ಅಜ್ಜಾರು ಒಳಗ ಕುಂತಾರ. ರೊಕ್ಕಾನೂ ತಗೀವಲ್ರು, ಹೊರಗೂ ಬರವಲ್ರು. ಉಡ್ಯಾಗ ಏನೋ ಕೂಸಿನಂಗ ಸುತ್ತಿ ಇಟ್ಕೊಂಡಾರ್ರೀ. ಕೇಳಿದ್ರ ನಿಮ್ಮ ನಂಬರ್ ಕೊಟ್ರು."

"ಅದು ಹಿಟ್ಟು ಕಣಣ್ಣ" ಎಂದೆ, ಭೂಮಿಗೆ ಇಳಿದುಹೋಗುತ್ತ.

"ಹಿಟ್ಟಿಗೆ ಎಸಿ ಬೇಕೇನ್ರೀ? ನಮಗ ಹೊರಗ ಫ್ಯಾನ್ ಸುದ್ದಾ ಇಲ್ಲ!"

ನಾನು ಹೋಗುವಷ್ಟರಲ್ಲಿ ಹಣ ತೆಗೆಯಲು ಬಂದವರ ಸಾಲು ಬೀದಿಯವರೆಗೆ ಬೆಳೆದಿತ್ತು. ಮಾವ ಮಾತ್ರ ದಿಂಡನ್ನು ಪಂಚೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, "ಇನ್ನೊಂದು ಹತ್ತು ನಿಮಿಷ, ಸೆಟ್ ಆಗ್ಲಿ" ಎಂದು ಎಲ್ಲರನ್ನೂ ಸಮಾಧಾನಪಡಿಸುತ್ತಿದ್ದರು.

ಅಷ್ಟೆಲ್ಲ ಮಾಡಿ ಬೇಯಿಸಿದರೆ ಬಂದದ್ದೇನು? ಮೇಲೆ ಕರಿ, ನಡುವೆ ಹಸಿ, ಕಚ್ಚಿದರೆ ನೆನೆದ ರಟ್ಟು. ಅತ್ತೆಯ ಎದುರಿಗೆ ಒಯ್ಯುವ ಧೈರ್ಯವೂ ಆಗಲಿಲ್ಲ. ಆಕೆ ಅಂದು ಬೆಳಗ್ಗೆ ತಿಂದದ್ದು ಅರ್ಧ ಇಡ್ಲಿ. ನನಗೆ ರೇಗಿಹೋಯಿತು.

"ಸಾಕು ಮಾವ! ಅವರು ಇಲ್ಲಿ ಸೊರಗಿ ಕಡ್ಡಿಯಾಗ್ತಿದಾರೆ, ನೀವು ಇಟಲಿ ಅಂತ ಕುಣೀತಿದೀರಿ. ಈಗ್ಲೇ ಹೋಗಿ ಚಿರೋಟಿ ತರ್ತೀನಿ!"

ಮಾವ ಮೈದಾ ಮೆತ್ತಿದ ಕೈಯನ್ನು ನೋಡಿಕೊಳ್ಳುತ್ತ ಸ್ಟೂಲಿನ ಮೇಲೆ ಕೂತರು.

"ತಂದಿದ್ದೆ ಕಣೆ, ಯುಗಾದಿಗೆ. ಒಂದು ಚೂರು ಬಾಯಿಗಿಟ್ಟು ಅತ್ತುಬಿಟ್ಲು. ಚಕ್ಲಿ ಕೊಟ್ರೂ ಅತ್ಲು, ನಿಪ್ಪಟ್ಟು ಕೊಟ್ರೂ ಅತ್ಲು. ಎಲ್ಲದರ ರುಚಿನೂ ಅವಳಿಗೆ ಗೊತ್ತಲ್ವಾ, ಅದು ಇಲ್ಲ ಅಂತ ಬಾಯಿಗಿಟ್ಟ ತಕ್ಷಣ ಗೊತ್ತಾಗತ್ತೆ. ಇದನ್ನ ಅವಳು ಯಾವತ್ತೂ ತಿಂದಿಲ್ಲ. ತಿಂದೇ ಇಲ್ದಿರೋದಕ್ಕೆ ಹೇಗೆ ಅಳ್ತಾಳೆ, ಹೇಳು? ಸದ್ದಿಗಾದ್ರೂ ತಿಂತಾಳೇನೋ ಅಂತ. ಹಾಳಾದ್ದು, ಆ ಸದ್ದೇ ಬರ್ತಿಲ್ವಲ್ಲೇ."

ನಾನು ಸೆರಗು ಸಿಕ್ಕಿಸಿ, ಹೊಸದಾಗಿ ಕಲಸಿದ ಹಿಟ್ಟಿನ ಇನ್ನೊಂದು ತುದಿ ಹಿಡಿದೆ. ಮರುದಿನವೂ ಹಿಡಿದೆ. ಈ ಸಲ ಬಾಗಿಲು ಹಾಕಿಕೊಂಡು, ಕೋಣೆಯಿಂದ ಕೋಣೆಗೆ ಎಳೆದೆವು. ದಿಂಡನ್ನು ಎರಡು ತುಂಡು ಮಾಡಿ ಫ್ರಿಜ್ಜಿನಲ್ಲಿ ತುರುಕಿದೆವು. ಹೂರಣಕ್ಕೆ ಮಾವ ಸಕ್ಕರೆಯನ್ನು ಕೈಬಿಚ್ಚಿ ಸುರಿದರು. ಓವನ್ನಿನಿಂದ ತೆಗೆದಾಗ ಅಂಚು ಕಪ್ಪಾಗಿತ್ತು, ಆಕಾರ ಅಷ್ಟಕ್ಕಷ್ಟೆ, ಆದರೆ ಬೆರಳಿನಿಂದ ಮುಟ್ಟಿದರೆ ಪದರ ಒಣಗಿ ನಿಂತಿತ್ತು.

ಅತ್ತೆ ಹಾಲ್‌ನಲ್ಲಿ ಕೂತಿದ್ದರು. ಮಾವ ತಟ್ಟೆ ಮುಂದಿಟ್ಟು ಎರಡು ಹೆಜ್ಜೆ ಹಿಂದೆ ನಿಂತರು, ಗ್ಯಾಸ್ ಹಚ್ಚುವಾಗ ನಿಲ್ಲುವ ಹಾಗೆ. ಅತ್ತೆ ಬೇಸರದಿಂದಲೇ ಒಂದನ್ನೆತ್ತಿ ಕಚ್ಚಿದರು.

ಕರಕ್!

ಅತ್ತೆ ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದರು. ಮತ್ತೆ ಕಚ್ಚಿದರು, ಮತ್ತೆ ಅದೇ ಸದ್ದು. ಪೂರ್ತಿ ಮುಗಿಸಿದರು. ಮಡಿಲಿಗೆ ಉದುರಿದ ಚೂರುಗಳನ್ನೂ ಆರಿಸಿ ಬಾಯಿಗೆ ಹಾಕಿಕೊಂಡರು. ಆಮೇಲೆ ಗಂಡನ ಮುಖ ನೋಡಿ, ಮದುವೆಮನೆಯ ಅದೇ ಹಳೆಯ ದನಿಯಲ್ಲಿ, "ಸಕ್ಕರೆ ಕಮ್ಮಿಯಾಯ್ತು" ಎಂದರು.

"ಹೂಂ ಹೂಂ, ನಾಳೆ ಸರಿ ಮಾಡ್ತೀನಿ, ನಾಳೇನೇ!" ಮಾವ ಅಡುಗೆಮನೆಗೆ ಓಡಿದ ರಭಸಕ್ಕೆ ಒಳಗೆ ಪಾತ್ರೆಗಳೆಲ್ಲ ಬಿದ್ದವು.

ನಾನು ಅತ್ತೆಯ ಕೈ ಹಿಡಿದುಕೊಂಡೆ. "ಅತ್ತೆ, ರುಚಿ ಬಂತಾ? ನಿಜವಾಗ್ಲೂ ಬಂತಾ?"

ಅತ್ತೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಇಲ್ವೇ. ಏನೂ ಇಲ್ಲ."

"ಮತ್ತೆ ಸಕ್ಕರೆ ಕಮ್ಮಿ ಅಂದ್ರಿ?"

"ಚೆನ್ನಾಗಿದೆ ಅಂದ್ಬಿಟ್ರೆ ನಿಲ್ಲಿಸಿಬಿಡ್ತಾರೆ ಕಣೆ. ಆಮೇಲೆ ಇಬ್ರೂ ಕೂತ್ಕೊಂಡು ಏನಂತ ಕಾಯೋದು?"

ನಾನೂ ಒಂದನ್ನೆತ್ತಿ ಕಚ್ಚಿದೆ. ಸಕ್ಕರೆ ಎಷ್ಟಿತ್ತೆಂದರೆ ಹಲ್ಲು ಜುಮ್ಮೆಂದು ಕಣ್ಣಲ್ಲಿ ನೀರು ಬಂತು. ಅದನ್ನು ಹಾಗೇ ನುಂಗಿಕೊಂಡು ಅಡುಗೆಮನೆಯ ಕಡೆ ಕೂಗಿದೆ:

"ಹೌದು ಮಾವ, ಕಮ್ಮಿನೇ!"