ಕಸವೇ ಇಲ್ಲದ ಅಂಗಡಿಗೆ ಒಂದಿಷ್ಟು ಕಸ ಮಂಜೂರು ಮಾಡಬೇಕೆಂದು

ಹಸಿರು ಉದ್ದಿಮೆ ನೆರವು ಕಚೇರಿಯ ಮಾನ್ಯ ಅಧಿಕಾರಿಗಳೇ,

ತಮ್ಮ ಕಚೇರಿಗೆ ಹೊಸದಾಗಿ ಬಳಿದಿರುವ ಹಸಿರು ಬಣ್ಣಕ್ಕೂ, ಅದರ ಮುಂದೆ ಸಾಲಾಗಿ ಹಾಕಿರುವ ಕುರ್ಚಿಗಳಿಗೂ, ಆ ಕುರ್ಚಿಗಳಲ್ಲಿ ನಾನು ಮೂರು ದಿನ ಕೂತಿದ್ದರೂ ಒಮ್ಮೆಯೂ ಒಳಗೆ ಕರೆದು ತೊಂದರೆ ಕೊಡದ ತಮಗೂ ನನ್ನ ನಮಸ್ಕಾರಗಳು. ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲವಾದ್ದರಿಂದ, ಐದನೇ ತರಗತಿಯವರೆಗೆ ಕಲಿತ ಅಕ್ಷರಗಳನ್ನು ನಂಬಿ, ಹತ್ತು ಜನ ಓದುವಂತೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಧನ್ಯವಾದ ಹೇಳಬೇಕು. ದಾರಿ ತಪ್ಪಿದವರನ್ನು ಬಿಟ್ಟರೆ ನಮ್ಮ ಓಣಿಗೆ ಹೊಸಬರು ಯಾರೂ ಬರುತ್ತಿರಲಿಲ್ಲ. ಅಂಥದ್ದರಲ್ಲಿ ತಮ್ಮವರು ಧ್ವನಿವರ್ಧಕ ಹಿಡಿದು ಬಂದು, ಹಿಂದುಳಿದ ಓಣಿಗಳ ಸಣ್ಣ ಅಂಗಡಿಯವರೂ ಹಸಿರು ಉದ್ದಿಮೆಗೆ ಸೇರಬೇಕೆಂದೂ, ಹಸಿರು ಪ್ರಮಾಣಪತ್ರ ಪಡೆದವರಿಗೆ ಹೊಸ ಮಾರುಕಟ್ಟೆಯ ಕಟ್ಟಡದಲ್ಲಿ ಮಳಿಗೆ ಕೊಡಲಾಗುವುದೆಂದೂ ಸಾರಿದರು. ನಾವೀಗ ಕೂತಿರುವ ಅಂಗಡಿಗಳ ಸಾಲನ್ನು ಈ ತಿಂಗಳ ಕೊನೆಗೆ ಕೆಡವುತ್ತಾರೆಂಬ ಸಂಗತಿಯನ್ನೂ ಅದೇ ಧ್ವನಿವರ್ಧಕದಲ್ಲಿ, ಅಷ್ಟೇ ಖುಷಿಯಾದ ದನಿಯಲ್ಲಿ ತಿಳಿಸಿದರು.

ಆ ಸಾಲಿನಲ್ಲಿ ನನ್ನ ಸೋದರತ್ತೆ ಇಪ್ಪತ್ತಾರು ವರ್ಷಗಳಿಂದ ಛತ್ರಿ, ಚೀಲ, ಜಿಪ್ಪು ರಿಪೇರಿ ಮಾಡುತ್ತಿದ್ದಾರೆ. ಅಂಗಡಿ ಎಷ್ಟು ವಿಶಾಲವೆಂದರೆ, ಗಿರಾಕಿ ಒಳಗೆ ಬಂದರೆ ನಾನು ಹೊರಗೆ ಹೋಗಬೇಕು. ಪೂರ್ತಿ ಹಾಳಾದ ಛತ್ರಿ ಕೈಗೆ ಬಂದರೆ ಅತ್ತೆ ಅದರ ಬಟ್ಟೆಯಲ್ಲಿ ಚೀಲ ಹೊಲಿಯುತ್ತಾರೆ, ಗಟ್ಟಿ ಕಡ್ಡಿಗಳನ್ನು ಇನ್ನೊಂದು ಛತ್ರಿಗೆ ಕೂರಿಸುತ್ತಾರೆ, ಸೊಟ್ಟ ಕಡ್ಡಿಗಳನ್ನು ಕೊಕ್ಕೆ ಮಾಡಿ ಗೋಡೆಗೆ ಹೊಡೆಯುತ್ತಾರೆ. ಚೂರುಪಾರು ಬಟ್ಟೆ ಅವರು ಕೂರುವ ದಿಂಬಿನೊಳಗೆ ಹೋಗುತ್ತದೆ. ಹೀಗಾಗಿ ಅತ್ತೆ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿದ್ದಾರೆ.

ಇಂಥ ಅಂಗಡಿಗೆ ಸಿಗದ ಪ್ರಮಾಣಪತ್ರ ಇನ್ಯಾರಿಗೆ ಸಿಕ್ಕೀತು ಎಂದು ಹಿಗ್ಗಿ ಅರ್ಜಿ ತುಂಬಲು ಕೂತೆ. ಕಳೆದ ವರ್ಷ ಎಷ್ಟು ಕಿಲೋ ಕಸ ಮಾಡಿದಿರಿ ಎಂದಿತ್ತು. ಸೊನ್ನೆ ಎಂದು ಬರೆದೆ. ಈ ವರ್ಷ ಅದರಲ್ಲಿ ಎಷ್ಟು ಕಡಿಮೆ ಮಾಡಿದಿರಿ ಎಂದಿತ್ತು. ಸೊನ್ನೆಯಿಂದ ಕಳೆಯುವುದನ್ನು ನಮ್ಮ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ, ಬಹುಶಃ ಆರನೇ ತರಗತಿಯ ಪಾಠವಿದ್ದೀತು. ಮತ್ತೆ ಸೊನ್ನೆ ಬರೆದೆ. ವಿದ್ಯುತ್ ಎಷ್ಟು ಉಳಿಸಿದಿರಿ? ಅತ್ತೆಯ ಹೊಲಿಗೆ ಯಂತ್ರ ಕಾಲಿನಲ್ಲಿ ತುಳಿಯುವಂಥದ್ದು, ಸೊನ್ನೆ. ಸಾಗಣೆ ವಾಹನದ ಹೊಗೆ ಎಷ್ಟು ತಗ್ಗಿಸಿದಿರಿ? ನಮ್ಮ ಸಾಗಣೆ ವಾಹನ ನಾನೇ ಆದ್ದರಿಂದ ಅಲ್ಲಿಯೂ ಸೊನ್ನೆ. ತುಂಬಿ ಮುಗಿಸಿದಾಗ ಅರ್ಜಿಯ ಮೇಲೆ ಯಾರೋ ಬಳೆ ಹರಡಿದಂತೆ ಕಾಣುತ್ತಿತ್ತು.

ಆಮೇಲೆ ತಮ್ಮ ಪರಿಶೀಲಕರು ತಕ್ಕಡಿ ಸಮೇತ ಬಂದು, "ಕಸದ ಬುಟ್ಟಿ ಎಲ್ಲಮ್ಮಾ?" ಎಂದರು. ಅತ್ತೆಗೆ ನಾಚಿಕೆಯಾಗಿಹೋಯಿತು. ಇಷ್ಟು ದೊಡ್ಡವರು ಬಂದು ಕೇಳಿದ್ದು ಒಂದೇ ವಸ್ತು, ಅದೂ ನಮ್ಮಲ್ಲಿಲ್ಲ! "ಒಂದ್ನಿಮಿಷ ಸಾರ್, ತರಿಸ್ತೀನಿ" ಎಂದು ನನ್ನ ಕಡೆ ತಿರುಗಿ, "ಹೋಗೇ, ಜೆರಾಕ್ಸ್ ಅಣ್ಣನ ಬುಟ್ಟಿ ಇಸ್ಕೊಂಡ್ ಬಾ, ಬಂದೋರ ಮುಂದೆ ಮಾನ ಹೋಗುತ್ತೆ" ಎಂದು ಪಿಸುಗುಟ್ಟಿದರು. ನಾನೂ ಖಾಲಿ ಬುಟ್ಟಿ ತಂದರೆ ಚೆನ್ನಾಗಿರುವುದಿಲ್ಲವೆಂದು, ಪಕ್ಕದ ಅಂಗಡಿಯಿಂದ ತುಂಬಿದ ಬುಟ್ಟಿಯನ್ನೇ ಎರಡೂ ಕೈಯಲ್ಲಿ ಹಿಡಿದು ತಂದಿಟ್ಟೆ. ಪರಿಶೀಲಕರು ತೂಗಿದರು. ಹಾಳೆ, ಕಾಗದದ ಲೋಟ, ಶಾಯಿಯ ಡಬ್ಬಿ ಎಲ್ಲ ಸೇರಿ ಮೂರೂವರೆ ಕಿಲೋ. "ವಿಂಗಡಿಸದ ಕಸ" ಎಂದು ಕೆಂಪು ಪೆನ್ನಿನಲ್ಲಿ ಬರೆದುಕೊಂಡರು. ಬುಟ್ಟಿ ನಮ್ಮದಲ್ಲವೆಂದು ಆಗಲೇ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಬುಟ್ಟಿ ಹಿಂದಿರುಗಿಸುವ ಮೊದಲೇ ಪರಿಶೀಲಕರು ಜೆರಾಕ್ಸ್ ಅಣ್ಣನ ಅಂಗಡಿಗೆ ಕಾಲಿಟ್ಟಿದ್ದರು. ಅಲ್ಲಿ ಕಸವೂ ಇಲ್ಲ, ಬುಟ್ಟಿಯೂ ಇಲ್ಲ. ದಿನಕ್ಕೆ ಸಾವಿರ ಹಾಳೆ ಉಗುಳುವ ಆ ಅಂಗಡಿಗೆ ಮರುವಾರವೇ ಹಸಿರು ಪ್ರಮಾಣಪತ್ರ ಬಂತು. ನಮಗೆ ಬಂದದ್ದು ತಿರಸ್ಕಾರದ ಆದೇಶ. "ಕಳೆದ ವರ್ಷ ಸೊನ್ನೆಯಿದ್ದ ಕಸ ಈ ವರ್ಷ ಮೂರೂವರೆ ಕಿಲೋಗೆ ಏರಿರುವುದು ಕಳವಳಕಾರಿ" ಎಂದು ತಾವು ಅದರಲ್ಲಿ ಬರೆದಿದ್ದಿರಿ. ನಮ್ಮ ಬಗ್ಗೆ ಇಷ್ಟು ಕಳವಳಪಟ್ಟವರು ತಮಗಿಂತ ಹಿಂದೆ ಯಾರೂ ಇರಲಿಲ್ಲ.

ಜೆರಾಕ್ಸ್ ಅಣ್ಣ ಒಳ್ಳೆಯವರು. ಪ್ರಮಾಣಪತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, "ಅಕ್ಕಾ, ಇದು ನಿಮ್ಗೆ ಸೇರ್ಬೇಕಾದ್ದು, ನಂಗೆ ಊಟ ಇಳೀತಿಲ್ಲ" ಎಂದರು.

"ಅದ್ರಲ್ಲಿ ನಿನ್ ಫೋಟೋ ಅಂಟ್ಸಿದಾರಲ್ಲೋ. ನಾನು ಆ ಮೀಸೆ ಎಲ್ಲಿಂದ ತರ್ಲಿ?" ಎಂದರು ಅತ್ತೆ.

"ಬೇಕಾದ್ರೆ ಒಂದು ಜೆರಾಕ್ಸ್ ತೆಕ್ಕೊಡ್ಲಾ?"

"ತೆಗಿ, ಇನ್ನೂ ಒಂದು ಹಾಳೆ ದಂಡ ಮಾಡು!"

ಅಂದು ಅತ್ತೆ ನಕ್ಕರು. ಆದರೆ ಮೊನ್ನೆಯಿಂದ ಗೋಡೆಯ ಕೊಕ್ಕೆಗಳನ್ನು ಒಂದೊಂದಾಗಿ ಕೀಳುತ್ತಿದ್ದಾರೆ. ಸಾಲು ಕೆಡವಿದ ಮೇಲೆ ರಸ್ತೆ ಬದಿಯಲ್ಲಿ ಕೂರಲು ಅವರಿಗೆ ಅವಮಾನವೇನಿಲ್ಲ. ಛತ್ರಿ ರಿಪೇರಿಯವರಿಗೆ ಕೆಲಸ ಬರುವುದು ಮಳೆ ಬಂದಾಗ, ರಸ್ತೆ ಬದಿಯವರು ಗಂಟು ಕಟ್ಟಿಕೊಂಡು ಓಡುವುದೂ ಮಳೆ ಬಂದಾಗ. ಇವೆರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ತಮ್ಮ ಅರ್ಜಿಯಲ್ಲಿ ಎಲ್ಲಿಯೂ ಇಲ್ಲ.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ನಮಗೆ ಒಂದು ವರ್ಷದ ಮಟ್ಟಿಗೆ ಗಲೀಜು ಮಾಡಲು ದಯವಿಟ್ಟು ಪರವಾನಗಿ ಕೊಡಿ. ಅತ್ತೆಯ ಯಂತ್ರಕ್ಕೆ ಚೆನ್ನಾಗಿ ಹೊಗೆ ಬಿಡುವ ಎಂಜಿನ್ ಒಂದನ್ನು ಎರವಲು ಕೊಟ್ಟರೆ, ಮುಂದಿನ ವರ್ಷ ಅದನ್ನು ನಿಲ್ಲಿಸಿ ತಮ್ಮ ಮೆಚ್ಚುಗೆ ಪಡೆಯುತ್ತೇವೆ. ಜೊತೆಗೆ, ಬಿಸಾಡುವುದನ್ನು ಕಲಿಸುವ ತರಬೇತುದಾರರೊಬ್ಬರೂ ಬೇಕು. ನಾನೇ ಕಲಿಸಲು ಹೋಗಿ ಸೋತೆ. ಬೆಳಿಗ್ಗೆ ನನ್ನ ಒತ್ತಾಯಕ್ಕೆ ಒಂದು ತುಕ್ಕು ಹಿಡಿದ ಕಡ್ಡಿ ಬಿಸಾಡಿದ ಅತ್ತೆ, ಮಧ್ಯಾಹ್ನ ಚರಂಡಿಯ ಪಕ್ಕ ಬಗ್ಗಿ ಅದನ್ನೇ ಹುಡುಕುತ್ತಿದ್ದರು. "ಕೈ ಬರಲ್ಲ ಕಣೇ" ಎಂದರು. ಇದಾವುದೂ ಆಗದಿದ್ದರೆ, ಅರ್ಜಿಯ ಮೂಲೆಯಲ್ಲಿ "ಮೊದಲಿಂದಲೂ ಹೀಗೇ" ಎಂದು ಗುರುತು ಹಾಕಲು ಬೆರಳುಗುರಿನಷ್ಟು ಜಾಗ ಬಿಡಿಸಿಕೊಡಿ. ನಾನು ಚಿಕ್ಕದಾಗಿ ಬರೆಯಬಲ್ಲೆ.

ಇನ್ನೂ ನಂಬಿಕೆ ಬಿಸಾಡಲು ಕಲಿಯದ,
ತಮ್ಮ ವಿಶ್ವಾಸಿ,
ಛತ್ರಿ ರಿಪೇರಿಯವರ ಸೋದರ ಸೊಸೆ

ಮರೆತಿದ್ದ ಮಾತು: ತಮ್ಮ ತಿರಸ್ಕಾರದ ಆದೇಶ ಒಟ್ಟು ಹನ್ನೊಂದು ಹಾಳೆ, ಎಲ್ಲವೂ ಒಂದೇ ಬದಿಯ ಅಚ್ಚು. ಇಪ್ಪತ್ತಾರು ವರ್ಷಗಳಲ್ಲಿ ನಮ್ಮ ಅಂಗಡಿಗೆ ಬಂದ ಮೊದಲ ಸ್ವಂತ ಕಸ ಅದು. ನಾಲ್ಕು ಹಾಳೆಗಳ ಹಿಂಬದಿಯಲ್ಲಿ ಈ ಪತ್ರ ಬರೆದಿದ್ದೇನೆ. ಆರನ್ನು ಅತ್ತೆ ಚೀಲಗಳ ತಳಕ್ಕೆ ಹಾಕಲೆಂದು ಅಳತೆಗೆ ಕತ್ತರಿಸಿಕೊಂಡಿದ್ದಾರೆ. ಕಸದ ಇಳಿಕೆ ಎಷ್ಟೆಂದು ಈಗ ತಾವೇ ಬರೆದುಕೊಳ್ಳಬಹುದು. ಉಳಿದ ಒಂದು ಹಾಳೆಯನ್ನು, ಪ್ರಮಾಣಪತ್ರ ಬಂದರೆ ತಮಗೆ ಧನ್ಯವಾದ ಬರೆಯಲೆಂದು ಎತ್ತಿಟ್ಟಿದ್ದೇವೆ. ತಿಂಗಳ ಕೊನೆಯವರೆಗೆ ಮಾತ್ರ. ಆಮೇಲೆ ಅದೂ ಒಂದು ಚೀಲದ ತಳಕ್ಕೆ ಬೇಕಾಗುತ್ತದೆ.