ಗೇಟುಮನೆಯ ಹೋರಿ

ರೈಲು ಓಡುತ್ತಿದ್ದ ಕಾಲದಲ್ಲಿ ಅದು ಯಾರನ್ನೂ ಮಾತಾಡಿಸುತ್ತಿರಲಿಲ್ಲ, ಕೂ ಎಂದು ಹೋಗಿಬಿಡುತ್ತಿತ್ತು. ಹಳಿ ಕಿತ್ತು ಸೈಕಲ್ ಹಾದಿ ಮಾಡಿದ ಮೇಲೆ ಹಳೆಯ ರೈಲ್ವೆ ಗೇಟುಮನೆಯಲ್ಲಿದ್ದ ಫಿಂಟನ್‌ಗೆ ಗ್ರಹಚಾರ ಶುರುವಾಯಿತು. ಹೋಗುವವರೆಲ್ಲ "ದಿನ ಚೆನ್ನಾಗಿದೆ ಅಲ್ವಾ?" ಅನ್ನುವುದು, ಐರ್ಲೆಂಡಿನಲ್ಲಿ ಹುಟ್ಟಿದ ತಪ್ಪಿಗೆ ಇವನು ಎದ್ದುಬಂದು "ಹ್ಞೂಂ, ಮಳೆ ಬರದಿದ್ರೆ ಸಾಕು" ಅನ್ನುವುದು!

ಆ ಭಾನುವಾರ ಮಾತ್ರ ಅದೆಲ್ಲ ಆಗದು. ಅವರ ಜಿಲ್ಲೆ ಹರ್ಲಿಂಗ್ ಎಂಬ ದಾಂಡು-ಚೆಂಡಿನ ಆಟದ ಫೈನಲ್‌ಗೆ ಬಂದಿತ್ತು. ಈ ಒಂದು ದಿನಕ್ಕಾಗಿ ಅವನಪ್ಪ ಕಾದೂ ಕಾದೂ ಕಣ್ಣುಮುಚ್ಚಿದ್ದ. ರೇಡಿಯೊದಲ್ಲಿ ಒಂದು ಮಾತೂ ತಪ್ಪಬಾರದೆಂದು ಫಿಂಟನ್ ಬೆಳಿಗ್ಗೆಯೇ ಹಲಗೆ ಬರೆದು ಗೇಟಿಗೆ ತೂಗುಹಾಕಿದ: 'ಎಚ್ಚರಿಕೆ! ಹಾಯುವ ಹೋರಿ ಬಿಟ್ಟಿದೆ.' ಅವನ ಹತ್ತಿರ ಇದ್ದದ್ದು ಒಂದು ಮುದಿ ಕತ್ತೆ.

ಜನ ಬಂದರು, ಓದಿದರು, ನಿಂತರು. ಒಬ್ಬರಾದರೂ ಹಿಂದಿರುಗಲಿಲ್ಲ. ಹೋರಿ ನೋಡದೆ ಹೋಗುವುದುಂಟೆ? ಅಷ್ಟರಲ್ಲಿ ಹಾದಿಯ ಕಾವಲುಗಾರ, ಮಾಲಕಿ ಎಂಬಾತ, ಸೀಟಿ ಊದುತ್ತ ಬಂದ.

"ಯಾರದ್ದೋ ಫಿಂಟನ್ ಈ ಹೋರಿ?"

"ನಂಗೇನ್ ಗೊತ್ತು ಮಾರಾಯ!" ಹಲಗೆಯದು ಸುಳ್ಳೆಂದು ಒಪ್ಪಿಕೊಂಡರೆ ಊರು ವರ್ಷಗಟ್ಟಲೆ ನಗುತ್ತಿತ್ತು.

"ಅದು ಸಿಗೋ ತನಕ ಒಬ್ರೂ ಅಲ್ಲಾಡ್ಬಾರ್ದು. ಎಲ್ರೂ ಇವನ ಮನೆ ಒಳಗೆ ನಡೀರಿ!"

ಮನೆಗೆ ಬಂದವರಿಗೆ ಚಹಾ ಅನ್ನದಿದ್ದರೆ ಆ ಸೀಮೆಯಲ್ಲಿ ಮರ್ಯಾದೆಯಿಲ್ಲ. ಆದರೆ ಅಲ್ಲಿಯವರು ಎರಡು ಸಲ "ಬೇಡಪ್ಪಾ" ಎಂದು ಮೂರನೆಯದಕ್ಕೇ ಒಪ್ಪುವುದು. ಒಂದೇ ಸಲ ಕೇಳಿ ಪಾರಾಗೋಣವೆಂದು ಫಿಂಟನ್, "ಚಹಾ ಕುಡೀತೀರಾ?" ಅಂದ. ಕರ್ಮ, ಎದುರಿಗಿದ್ದವರು ಹಾಲೆಂಡಿನ ಸೈಕಲ್ ಸವಾರರು.

"ಓಹೋ, ಕುಡೀತೀವಿ! ತಿನ್ನೋಕೇನಿದೆ?"

ಆಮೇಲೆ ಉಳಿದವರೂ ನಾಚಿಕೆ ಬಿಟ್ಟರು. ಫಿಂಟನ್ ಕೆಟಲ್ ಮೇಲೆ ಕೆಟಲ್ ಇಳಿಸಿದ, ಬ್ರೆಡ್ಡು ಕೊಯ್ದ, ಬೆಣ್ಣೆ ಬಳಿದ. ಯಾರೋ ಪುಣ್ಯಾತ್ಗಿತ್ತಿ ಹವಾಮಾನ ಕೇಳೋಣವೆಂದು ರೇಡಿಯೊ ತಿರುಗಿಸಿದಳು. ಅವನು ಕೈ ಒರೆಸಿಕೊಂಡು ಓಡಿಬಂದು ಮತ್ತೆ ಸ್ಟೇಷನ್ ಹುಡುಕುವಷ್ಟರಲ್ಲಿ ಆಟ ಮುಗಿದು ಬ್ಯಾಂಡು ಬಾರಿಸುತ್ತಿತ್ತು. ಅಳುವೇ ಬಂತು ಪಾಪ.

ಆಗ ಹಾದಿಯ ಕೊನೆಮನೆಯ ನೋರೀನ್ ಹುಲ್ಲಿನ ಕಂತೆ ಹೊತ್ತು ನಗುನಗುತ್ತ ಒಳಗೆ ಬಂದಳು.

"ಗೆದ್ವಲ್ಲೋ ಫಿಂಟನ್! ಒಂದೇ ಪಾಯಿಂಟು! ಇವತ್ತು ನಮ್ಮನೆ ಕಡೆ ನರಪಿಳ್ಳೆ ಸುಳೀಲಿಲ್ಲ ನೋಡು, ಕಾಲು ಚಾಚ್ಕೊಂಡು ಪೂರ್ತಿ ಕೇಳ್ದೆ. ಬೆಳಿಗ್ಗೆ ನೀನು ಆ ಹಲಗೆ ಕಟ್ತಿದ್ದಾಗ್ಲೇ ಅನ್ಕೊಂಡೆ, ಪುಣ್ಯಾತ್ಮ ಅಂತ. ತಗೋ, ನಿನ್ನ ಹೋರಿಗೆ ಹುಲ್ಲು!" ಎಂದು ಕಣ್ಣು ಮಿಟುಕಿಸಿದಳು.

ಇದ್ದವರೆಲ್ಲ ಫಿಂಟನ್ ಕಡೆ ತಿರುಗಿದರು.

"ಓ, ನಿನ್ನ ಹೋರಿನಾ?" ಮಾಲಕಿ ಟೋಪಿ ತೆಗೆದಿಟ್ಟು ಕುರ್ಚಿ ಎಳೆದುಕೊಂಡ. "ಹಾಗಿದ್ರೆ ಹಿಡ್ಕೊಂಬಂದು ಕಟ್ಟು ಹೋಗು. ಅಲ್ಲೀವರೆಗೂ ನಾವೆಲ್ಲ ಇಲ್ಲೇ. ಅಂದ ಹಾಗೆ, ರಾತ್ರಿ ಊಟಕ್ಕೇನ್ ಮಾಡ್ತೀಯ?"